ಉಂಗುರದ ಬಾಯಿ

ನಾಲ್ಕು ಇಡ್ಲಿ ತಟ್ಟೆ, ತಟ್ಟೆಗೆ ನಾಲ್ಕು ಗುಳಿ.
ಸಿಲಿಂಡರಿಗೊಂದು ತಟ್ಟೆ, ಗುಳಿಗೊಂದು ವಾಲ್ವು.
ಒಂದರ ಮನೆಗೆ ಇನ್ನೊಂದು ಹೋಗಬಾರದು,
ಅದಕ್ಕೇ ಅಂಚಿನಲ್ಲಿ ನೇಲ್ ಪಾಲಿಶಿನ ನಂಬರು.
ಅತ್ತೆ ದಿನಾ ಕೇಳುತ್ತಾರೆ, ತಟ್ಟೆ ಯಾವತ್ತು ಕೊಡ್ತೀಯೆ?
ಹೆಡ್ಡು ಕೂತ ಮೇಲೆ.
ಯಾರದು, ಅನ್ನುತ್ತಾರೆ.

ಗುತ್ತಲಿನ ಈ ಶೀಟಿನ ಮಾಡಿನ ಕೆಳಗೆ ಹಿಂದೆ ಹಸು ಇತ್ತು.
ಗೂಟ ಇನ್ನೂ ಇದೆ;
ಬ್ಲಾಕು ಎತ್ತಿದ ಸರಪಳಿ ಈಗ ಅದಕ್ಕೆ ಕಟ್ಟಿದೆ.
ಎರಡೇ ಬಾಗಿಲಿನ ಕಾರು
ಕೊಯಮತ್ತೂರಿನ ಹರಾಜಿನಿಂದ ಲಾರಿ ಹತ್ತಿ ಬಂದಿತ್ತು,
ಟರ್ಬೊ ಅಂತ ಹಿಂದೆ ಬರೆದಿದ್ದರಲ್ಲಿ
ಒಂದು ಅಕ್ಷರ ಉದುರಿ.
ಚೀಟಿ ಎತ್ತಿದ ದುಡ್ಡಲ್ಲಿ ಉಂಗುರ ಮಾಡಿಸ್ಕೊ ಅಂದಿದ್ದರು.
ಮಾಡಿಸಿಕೊಂಡೆ, ಹನ್ನೆರಡು.
ಉಕ್ಕಿನವು.

ಹಗಲೆಲ್ಲ ನಾನು ಊರಿನ ರಕ್ತ ನೋಡುವವಳು,
ಆಸ್ಪತ್ರೆ ರಸ್ತೆಯ ಲ್ಯಾಬಿನಲ್ಲಿ.
ಒಂದು ಸಂಜೆ ಬೇರೆಯವರಿಗೆ ಕಾಣದಂತೆ
ಬಸಿದ ಆಯಿಲಿನ ಒಂದು ತೊಟ್ಟು ಗಾಜಿನ ಮೇಲೆ ಇಟ್ಟೆ.
ಕಪ್ಪಿನಲ್ಲಿ ಹೊಳೆವ ಚೂರು, ಬೂದಿ ಬಣ್ಣದ್ದು,
ಮೂರನೇ ಪಿಸ್ಟನ್ನಿನ ಮೈ.
ರಿಪೋರ್ಟು ಬರೆಯಬೇಕಾಗಿರಲಿಲ್ಲ. ಆದರೂ ಬರೆದೆ:
ಪೇಷಂಟಿನ ಹೆಸರು ಇಲ್ಲ, ವಯಸ್ಸು ಇಪ್ಪತ್ತಾರು.

ಬೋರಲಿಂಗಯ್ಯ ಸಕ್ಕರೆ ಕಾರ್ಖಾನೆಯವರು,
ಕಬ್ಬಿನ ಸಿಪ್ಪೆ ಉರಿಸಿದ ಹಬೆಗೆ ತಿರುಗುವ ಟರ್ಬೈನಿನ ಹತ್ತಿರ
ಮೂವತ್ತೊಂದು ಅರವಿಕೆ ನಿಂತು
ಎಡಗಿವಿ ಕೊಟ್ಟು ಬಂದವರು.
ಟರ್ಬೊವನ್ನ ಅಂಗೈಲಿಟ್ಟು ತೂಗಿದರು.
ಇದು ಅದರ ಮರಿ ಕಣವ್ವ, ಅಂದರು.
ಉಗುದ್ ಹೊಗೆಯನ್ನೂ ಬುಡ್ದೆ ದುಡುಸ್ಕತದೆ, ಕಳ್ಳ.

ಉಂಗುರವನ್ನ ಸಿಲಿಂಡರೊಳಗೆ ಇಳಿಸಿ
ಎರಡು ತುದಿಯ ನಡುವೆ ತೆಳು ಪಟ್ಟಿ ತೂರಿಸಿದೆ.
ಹನ್ನೆರಡು ಥೌ. ಪುಸ್ತಕ ಹೇಳಿದಷ್ಟೇ.
ಕೂದಲೂ ಆಡದು, ನನಗೆ ಹೆಮ್ಮೆ.
ಅವರು ತಲೆಯಾಡಿಸಿದರು.
ಪುಸ್ತಕ ತಣ್ಣಗಿದ್ದಾಗ ಬರುದ್ರು.
ಬಿಸಿ ಆದ್ರೆ ಕಬ್ಬುಣನೂ ಉಬ್ತದೆ,
ಬಾಯಿಗ್ ಬಾಯಿ ತಾಕುದ್ರೆ ಮುರ್ಕಂಡೇ ಓಯ್ತದೆ.
ಜಾಗ ಬುಡು.

ಹದಿನೆಂಟಕ್ಕೆ ಉಜ್ಜಿದೆ, ಅರ ಒಂದೇ ದಿಕ್ಕಿಗೆ,
ಹೊರಗಿನಿಂದ ಒಳಕ್ಕೆ,
ನಾಲ್ಕು ರಾತ್ರಿ.
ನಡುವೆ ಒಮ್ಮೆ ಗಂಡ ಬಂದು ಬಾಗಿಲಲ್ಲಿ ನಿಂತ.
ಊಟ ಆಯ್ತಾ ಅಂದೆ. ಆಯ್ತು ಅಂದ.
ಲೈಟು ಇನ್ನಷ್ಟು ಹತ್ತಿರ ಹಿಡಿದ.
ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ.

ಐದೂವರೆಗೆ ಬಸರಾಳಿನ ರಸ್ತೆ.
ಲ್ಯಾಪ್‌ಟಾಪು ನನ್ನ ಗಂಡನ ತೊಡೆಯ ಮೇಲೆ,
ಹಿಂದಿನ ಸೀಟಿನಲ್ಲಿ ಮಡಚಿ ಕೂತ ಬೋರಲಿಂಗಯ್ಯ,
ಬ್ಲಾಕಿನಿಂದ ಬಂದ ತಾಮ್ರದ ಕೊಳವೆ, ರಬ್ಬರು ಪೈಪು,
ಉಳಿದ ಬಲಗಿವಿ.
ಮೂರನೇ ಗೇರು. ಒಂದು ಉಸಿರಿನಷ್ಟು ಏನೂ ಇಲ್ಲ,
ಆಮೇಲೆ ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದ ಹಾಗೆ,
ಗದ್ದೆ, ಕರೆಂಟು ಕಂಬ, ಗದ್ದೆಯೆಲ್ಲ ಒಂದೇ ಹಸಿರು ಗೀಟು.
ನಾನು ಕೂಗಿದೆನಂತೆ. ನನಗೆ ನೆನಪಿಲ್ಲ.

ನಿಲ್ಸು.

ಪರದೆ ಮೇಲೆ ಎಲ್ಲ ಸರಿಯಿದೆ, ಅಂದ ಗಂಡ.
ಮಡ್ಕೇಲಿ ಹುಣ್ಸೆಬೀಜ ಕುಲುಕ್ದಂಗಾಯ್ತು,
ಒಂದೇ ಸಲ, ಅಂದರು ಅವರು. ಅದೇ ಮೂರ್ನೇದು.
ಆ ಬೀಜವೇ ಹಳೇ ಪಿಸ್ಟನ್ನನ್ನ ತಿಂದಿದ್ದು.
ಕಿಡಿ ಎರಡು ಡಿಗ್ರಿ ತಡವಾಗಿ ಹಾರಲಿ ಎಂದು ಬರೆದೆ,
ಹತ್ತೋ ಹನ್ನೆರಡೋ ಕುದುರೆ
ರಸ್ತೆ ಬದಿಯಲ್ಲೇ ಇಳಿದು ಹೋದವು.
ಮತ್ತೆ ಓಡಿಸಿದೆ. ಕಿವಿ ಏನೂ ಹೇಳಲಿಲ್ಲ.

ವಾಪಸು ಬರುವಾಗ ಮುಂದೆ ಕಬ್ಬಿನ ಟ್ರ್ಯಾಕ್ಟರು,
ಎರಡು ಟ್ರೇಲರು, ರಸ್ತೆ ತುಂಬ ಅದೇ.
ಏಳು ಕಿಲೋಮೀಟರು ಅದರ ಹಿಂದೆ ಎರಡನೇ ಗೇರಿನಲ್ಲಿ.
ಬೋರಲಿಂಗಯ್ಯ ಕಿಟಕಿಯಿಂದ ಕೈ ಚಾಚಿ
ಒಂದು ಜಲ್ಲೆ ಎಳೆದುಕೊಂಡರು.

ತಟ್ಟೆ ಸೀಗೆಪುಡಿ ಹಾಕಿ ಮೂರು ಸಲ ತೊಳೆದೆ.
ನಂಬರು ಹೋಗಲಿಲ್ಲ.
ಭಾನುವಾರ ಹಬೆಯೊಳಗಿಂದ ಇಡ್ಲಿ ತೆಗೆಯುತ್ತ ಅತ್ತೆ,
ಮುಖದಲ್ಲಿ ನಗುವಿಲ್ಲ:
ಮೂರನೇ ಮನೇದು ಯಾರಿಗೆ?