ಸೊನ್ನೆ ಬರೆದ ದಿನ

ಪುನಾವಳೆ ಸೈಟಿನ ಗೇಟಿಗೆ ಒಂದು ಕರೇ ಹಲಗಿ.
ಅಪಘಾತ ಇಲ್ಲದ ದಿನಗಳು: ಇನ್ನೂರಾ ಹನ್ನೆರಡು.
ಅಕ್ಷರ ಬರದವರಿಗೂ ಅಂಕಿ ತಿಳೀತದ,
ಪಗಾರ ಎಣಿಸಿ ಎಣಿಸಿ ಕಲಿತದ್ದು.

ಆ ಇನ್ನೂರಾ ಹನ್ನೆರಡರಾಗ
ನೂರಾ ನಾಲ್ಕನೇ ದಿನ
ಸಳಿ ಕತ್ತರಿಸೋ ಮಷೀನು ದೇವಿಂದ್ರನ ಎರಡು ಬೆರಳು ತಗೊಂತು.
ರಾತ್ರೋರಾತ್ರಿ ಅವನನ್ನ ಸೋಲಾಪುರ ಬಸ್ಸಿಗೆ ಹತ್ತಿಸಿದರು,
ಕಿಸೆದಾಗ ಮೂರು ಸಾವಿರ, ತೊಡಿ ಮ್ಯಾಲ ಬಿಸ್ಕೀಟ್ ಪುಡಿಕಿ.
ಮುಂಜಾನೆ ಖಡು ಬರೀತು: ನೂರಾ ಐದು.
ನಾವು ಏನಂದೆವು?
ಶನಿವಾರ ಪಗಾರ ಇತ್ತು. ಏನೂ ಅನಲಿಲ್ಲ.

ಬೆಲ್ಟು ಮುಟ್ಟಿತು ಅಂತ ಹೆಬ್ಬೆಟ್ಟು ಒತ್ತೀನಿ ನಾನು,
ನನ್ನ ಹಿಂದ ಇನ್ನೂ ನಲವತ್ತು ಮಂದಿ.
ಬೆಲ್ಟು ಮಾತ್ರ ಗೋದಾಮಿನ್ಯಾಗ
ಪ್ಲಾಸ್ಟಿಕ್ ಹೊತ್ಕೊಂಡು ಮಲಗಿದ್ದವು.
ತಪಾಸಣಿ ಕಾರು ಬಂದ ದಿನ ಎದ್ದು ನಮ್ಮ ಮೈಮ್ಯಾಲ ಬರೋವು,
ಮದುವಿ ಮನಿಗೆ ತಂದ ಎರವಿನ ಬಂಗಾರದ ಹಂಗ,
ಊಟ ಮುಗಿಯೂದ್ರಾಗ ಬಿಚ್ಚಿ ಕೊಡಬೇಕು.

ದೀಪಾವಳಿ ಆದಮ್ಯಾಲ ಬಂದಳು ಖೈರ್ನಾರ್ ಮೇಡಮ್ಮು.
ನಾಸಿಕದಾಕಿ. ದೊಡ್ಡ ಹೆಲ್ಮೆಟ್ಟು, ಸಣ್ಣ ದನಿ.
ದಿನಾ ಎಂಟಕ್ಕ ಸಾಲು ನಿಲ್ಲಿಸಿ ಮರಾಠಿಯಾಗ ಹೇಳೋದು,
ಏನರ ತಪ್ಪಿದ್ರ ನನಗ ಹೇಳ್ರಿ, ಅಂಜಬ್ಯಾಡ್ರಿ.
ಹಿಂಗ ಹೇಳಿದವರು ಆಕಿಗಿಂತ ಮೊದಲ ಮೂರು ಮಂದಿ ಆಗಿ ಹೋಗ್ಯಾರ.
ಯಂಕೋಬ ನನ್ನ ಕಿವ್ಯಾಗ ಅಂದ:
"ಹೇಳು, ಹೇಳಿ ನೋಡು. ಸಂಜಿಗೆ ಗಂಟು ಕಟ್ಟು."

ಹನ್ನೊಂದನೇ ಮಾಳಿಗಿ. ಕಾಲಾಗಿನ ಹಲಗಿ ಜಾರಿತು.
ನಾ ಬೀಳಲಿಲ್ಲ, ನನ್ನ ಬದಲಿ ಪಕ್ಕಡ ಬಿತ್ತು.
ಅದು ನೆಲ ಮುಟ್ಟಿದ ಸಪ್ಪಳ ಮ್ಯಾಲ ಬರೂದ್ರಾಗ
ಮಗಳ ಹೆಸರು ಎರಡು ಸಲ ಕರೀಬಹುದಿತ್ತು.
ಕೆಳಗ ಉಸುಕು ಸೋಸತಿದ್ದ ಚಂದಮ್ಮ
ಒಂದು ಮಾರು ಈ ಕಡೆ ಇದ್ದಿದ್ರ
ಈ ಮಾತು ಇರತಿದ್ದಿಲ್ಲ.

ಯಾಕ ಹೇಳಿದ್ನೋ. ಧೈರ್ಯ ಅಂತೂ ಅಲ್ಲ.
ಪಕ್ಕಡ ಸ್ವಂತದ್ದು, ಬಾಯಿ ಮುರಿದಿತ್ತು,
ಹೊಸಾದು ಕೇಳಬೇಕಿತ್ತು.

ಆಕಿ ಬೈಯಲಿಲ್ಲ. ತಾನೇ ಹತ್ತಿದಳು,
ಜಾರಿದ ಹಲಗಿ ಹತ್ತಿರ ಕುಕ್ಕರಗಾಲಿಲೆ ಕುಂತು
ಗಂಟು ಕಟ್ಟಿದ ತಂತಿ ಬೆರಳಿಲೆ ಮುಟ್ಟಿ ನೋಡಿದಳು.
ಇಳಿದವಳೇ ಗೇಟಿಗೆ ಹೋಗಿ, ಹಸಿ ಅರಿವಿಲೆ,
ಇನ್ನೂರಾ ಹನ್ನೆರಡು ಒರೆಸಿಬಿಟ್ಟಳು.
ಬರೆದಳು: ಸೊನ್ನೆ.

ಮೊಕಾಶಿ ಸಾಹೇಬ ಆಫೀಸಿನಿಂದ ಓಡಿ ಬಂದ.
ಯಾರೂ ಸತ್ತಿಲ್ಲ, ಬಿದ್ದಿಲ್ಲ, ಸೊನ್ನೆ ಯಾಕ?
ಇಬ್ಬರೂ ಇಂಗ್ಲಿಷಿಗೆ ಇಳಿದರು. ನಮಗೇನು ತಿಳೀತದ.
ನಾವು ಆಕಿ ಕೈ ನೋಡಿದೆವು,
ಖಡು ಹಿಡಿದ ಕೈ ನಡುಗತಿತ್ತು.
ಅದನ್ನ ನೋಡಿ ನಂಬಿದೆವು.
ನಡುಗದ ಕೈಯವರ ಮಾತು ಭಾಳ ಕೇಳೇವಿ.

ಖರೇ ಹೇಳಬೇಕಂದ್ರ ಅವತ್ತೂ ಪೂರಾ ನಂಬಲಿಲ್ಲ.
ಶನಿವಾರ ಪಗಾರ ಬಂತು. ಮೂರು ಸಲ ಎಣಿಸಿದೆ.
ಒಂದು ರೂಪಾಯಿ ಕಡಿಮಿ ಇದ್ದಿಲ್ಲ.
ಆಮ್ಯಾಲ ಯಂಕೋಬ ಎದ್ದ,
ಹಾಸಿಗಿ ಬುಡದಾಗಿಂದ ಎಳಿ ಬಿಚ್ಚಿದ ಜೋತಗ್ಗ ತಂದು
ಆಕಿ ಮೇಜಿನ ಮ್ಯಾಲ ಇಟ್ಟ.
ಆಮ್ಯಾಲ ನಾಲಿಗಿ ಇಲ್ಲದ ಕೊಕ್ಕಿ,
ತಟ್ಟಿನಾಗ ಸುತ್ತಿದ ಬತ್ತಲ ವಾಯರು.
ಕ್ರೇನಿನ ಕುತುಬುದ್ದೀನ ಬಾಗಿಲದಾಗ ಭಾಳ ಹೊತ್ತು ನಿಂತು ಅಂದ:
ಬ್ರೇಕು ಎರಡು ತಿಂಗಳಿಂದ ಹಿಡೀವಲ್ಲದು.

ಈಗ ಪ್ಲಾಸ್ಟಿಕ್ ಹರಿದೇವಿ. ಬೆಲ್ಟಿಗೆ ನಮ್ಮ ಬೆವರು ಹತ್ತೇದ.
ಕೊಕ್ಕಿ ಹಾಕತೀನಿ, ಒಮ್ಮಿ ಜಗ್ಗತೀನಿ, ಮತ್ತೊಮ್ಮಿ ಜಗ್ಗತೀನಿ.
ಮೇಡಮ್ಮೇ ಹೇಳ್ಯಾಳ: ನನ್ನನ್ನೂ ಹಂಗ ಜಗ್ಗಿ ನೋಡ್ರಿ.

ಬೋರ್ಡಿನ ಮ್ಯಾಲ ಇವತ್ತು ಮೂವತ್ತೊಂಬತ್ತು.
ಸಣ್ಣ ಅಂಕಿ.
ಆಕಿ ಬದಲಿ ಆಗ್ತದಂತ, ತಳೇಗಾಂವಕ್ಕಂತ, ಸುದ್ದಿ ಹಬ್ಬೇದ.

ದೇವಿಂದ್ರನ ಹೆಸರು ಹಳೇ ತಾರೀಖು ಹಾಕಿ
ರಜಿಸ್ಟರದಾಗ ಬರಿಸೀನಿ. ಪರಿಹಾರದ ಕಾಗದ
ಮೊಕಾಶಿ ಸಾಹೇಬನ ಮೇಜಿನ ಮ್ಯಾಲ ಅದ,
ಮ್ಯಾಲ ಚಹಾದ ಕಪ್ಪಿನ ಗುಂಡನ ಕಲಿ.
ನಲವತ್ತೊಂದು ಹೆಬ್ಬೆಟ್ಟು ಕೊಟ್ಟೇವಿ ಅವರಿಗೆ ನಾವು,
ಕೈಗೆ ಏನೂ ಬರೋದಕ್ಕಿಂತ ಮೊದಲ.
ಅವರದೊಂದು ಸಹಿಗೆ ಕಾಯ್ಲಿಕತ್ತೀವಿ.