ಪೆಟ್ಟಿಗೆ ನಂಬರು ಎರಡು

ಬಿಣಗಾದ ತಗಡಿನ ಶೆಡ್ಡಿನಲ್ಲಿ ಒಂಬತ್ತು ವರ್ಷ
ನಾನೊಂದು ಗುಡ್ಡಕ್ಕೆ ಸ್ಟೋರ್ ಕೀಪರ್.
ಇಡೀ ಗುಡ್ಡವಲ್ಲ ಮಾರಾಯ್ರೆ.
ಸುರಂಗ ಬರುತ್ತದೆಂದು ಡ್ರಿಲ್ ಇಳಿಸಿ
ಅದರ ಹೊಟ್ಟೆಯಿಂದೆಳೆದ ಕಲ್ಲಿನ ಸರಳು,
ಕೂಸಿನ ತೋಳಿನಷ್ಟು ದಪ್ಪ,
ಮರದ ಪೆಟ್ಟಿಗೆಗಳಲ್ಲಿ ಐದೈದು ಸಾಲು ಮಲಗಿಸಿಟ್ಟದ್ದು.
ಮೂವತ್ತೊಂದು ಪೆಟ್ಟಿಗೆ.
ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ
ಪುಸ್ತಕದ ಹಾಗೇ ಓದಬೇಕು,
ಕೊನೆಯ ಪುಟ ಮೊದಲು.

ಒಂದನೆಯದು ಚಿರೆಕಲ್ಲು.
ಕೆಂಪು, ತೂತು ತೂತು, ಹಳೇ ಕಬ್ಬಿಣದ ವಾಸನೆ.
ಮಳೆ ಬಂದು ಬಂದು, ಬಿಸಿಲು ಬಿದ್ದು ಬಿದ್ದು
ಕರಗುವುದೆಲ್ಲ ಕರಗಿ ಕಡಲಿಗೆ ಹೋಗಿ
ಹಿಂದೆ ಉಳಿದ ತುಕ್ಕು.
ನಮ್ಮ ಬಾವಿಕಟ್ಟೆ, ಶಾಲೆಯ ಕಂಪೌಂಡು,
ಅಜ್ಜಿಯನ್ನು ಸುಟ್ಟ ಜಾಗದ ಗೋಡೆ,
ಎಲ್ಲ ಈ ತುಕ್ಕಿನವೇ.

ಮೂರರಿಂದ ಒಂಬತ್ತು: ಕಲ್ಲೋ ಮಣ್ಣೋ
ಇನ್ನೂ ತೀರ್ಮಾನವಾಗದ್ದು.
ಹಿಸುಕಿದರೆ ಬೆರಳ ಸಂದಿಯಲ್ಲಿ ಉದುರುತ್ತದೆ, ಆದರೂ
ತಾನು ಕಲ್ಲಾಗಿದ್ದಾಗಿನ ಗೆರೆಗಳನ್ನು
ಒಂದನ್ನೂ ಮರೆತಿಲ್ಲ.

ಹತ್ತರಿಂದ ಅಸಲು ಕಲ್ಲು.
ಬೂದು ಬಿಳಿ, ಬೂದು ಬಿಳಿ,
ನಾದಿದ ಹಿಟ್ಟನ್ನು ಮಡಚಿ ಮಡಚಿ ಇಟ್ಟಂತೆ.
ಸರ್ವೆಗೆ ಬಂದ ರೋಹಿಣಿ ಗಾಂವಕರ ಮೇಡಂ
ಉಗುಳು ಹಚ್ಚಿ ಒರೆಸಿ, ಲೆನ್ಸು ಹಿಡಿದು
"ಮುನ್ನೂರು ಕೋಟಿ ವರ್ಷ" ಎಂದರು,
ಮೂರು ಕೇಜಿ ಬಂಗಡೆ ಎಂದಷ್ಟು ಸಲೀಸಾಗಿ.
ಆಗ ಬಂಗಡೆಯಿರಲಿಲ್ಲ. ಹುಲ್ಲಿರಲಿಲ್ಲ.
ನೋಡಲು ಕಣ್ಣೆಂಬುದೇ ಇರಲಿಲ್ಲ.
ಮತ್ತೆ ಯಾರಿಗೆ ತೋರಿಸಲೆಂದು
ಇಷ್ಟು ಚೆಂದದ ಗೆರೆ?

ಇಪ್ಪತ್ತಾರರಲ್ಲಿ ಮಾತ್ರ ಒಂದು ಮೊಳ ಕಪ್ಪು.
ಬಿರುಕು ಹಿಡಿದು ಕೆಳಗಿನಿಂದ ಹೊರಟ ಬೆಂಕಿ
ಮೇಲೆ ಮುಟ್ಟದೆ ದಾರಿಯಲ್ಲೇ ತಣಿದದ್ದು.
ಮೇಡಂ ಬಾಗಿಲಾಚೆ ಕೈ ತೋರಿದರು:
ಅಂಜುದೀವ್, ಅದರಾಚೆ ಬರೀ ನೀರು.
"ಅಲ್ಲೂ ನೆಲವಿತ್ತು. ಮಡಗಾಸ್ಕರ್ ನಮ್ಮ ಪಕ್ಕದ ಮನೆ."
ಪಂಚಾಯ್ತಿಯಿಲ್ಲದೆ ಹಿಸ್ಸೆಯಾಯಿತು, ನಡುವೆ ಕಡಲು ಬಂತು,
ಈಚೆಯವರ ಪಾಲಿಗೆ ಈ ಘಟ್ಟ.
ಆ ರಾತ್ರಿ ತೆರೆ ಬಂದು ಬಡಿದಾಗಲೆಲ್ಲ
ಯಾರೋ ಕದ ತಟ್ಟಿದ ಹಾಗಾಗಿ ಎದ್ದು ಕೂತೆ.

ಎರಡನೆಯದನ್ನು ಬಿಟ್ಟೆ, ನೀವು ಗಮನಿಸಿರಬಹುದು.
ಅದರಲ್ಲಿ ಶೇಡಿ ಇತ್ತು. ಚಿರೆಕಲ್ಲಿನ ಅಡಿ
ಬೆಣ್ಣೆಯಂತೆ ಕೂತ ಬಿಳಿ ಮಣ್ಣು, ನಾಲ್ಕೂವರೆ ಮೀಟರು.
ಮೇಡಂ ಎರಡನೇ ಸಲ ಬಂದಾಗ
ಅದರ ಮೂರು ಸಾಲು ಖಾಲಿ.
ರಿಗ್ಗಿನ ಮೇಲೆ ದುಡಿಯುವ ಸಣ್ಣು ಗೌಡ
ಕೈ ಹಿಂದೆ ಕಟ್ಟಿ ಮುಂದೆ ಬಂದು ನಿಂತ.
"ಮಗಳ ಮದುವೆ ಇತ್ತು, ಒಡ್ಯಾ. ಗೋಡೆಗೆ ಹಲಿ ಬರೀಬೇಕಿತ್ತು.
ನಮ್ಮ ಶೇಡಿಗುಂಡಿ ಹೈವೇ ಅಡಿಗೆ ಹೋಯ್ತಲ್ರಾ."

ಕೊಳವೆ ಇಳಿದೂ ಕಲ್ಲು ಮೇಲೆ ಬಾರದಿದ್ದರೆ
ಆ ಜಾಗಕ್ಕೊಂದು ಮರದ ತುಂಡಿಟ್ಟು
'ನಷ್ಟ' ಎಂದು ಬರೆಯುವುದು ನಿಯಮ.
ಮೇಡಂ ಬಹಳ ಹೊತ್ತು ಸುಮ್ಮನಿದ್ದರು.
ಆಮೇಲೆ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು
ಚಾ ಕುಡಿಯಲು ಹೋದರು.
ಮೂರು ತುಂಡು ಕೊಯ್ದು ಬರೆದೆ:
ನಷ್ಟ. ನಷ್ಟ. ನಷ್ಟ.
ಮೂವತ್ತೊಂದು ಪೆಟ್ಟಿಗೆಯಲ್ಲಿ ಅದೊಂದೇ ಸುಳ್ಳು.

ಸುರಂಗದ ನಕ್ಷೆ ಬೇರೆ ಕಡೆ ಸರಿಯಿತು.
ಪೆಟ್ಟಿಗೆಗಳು ಸೌದೆಯ ದರದಲ್ಲಿ ಹೋದವು,
ಮುನ್ನೂರು ಕೋಟಿ ವರ್ಷ ಒಂದು ಟಿಪ್ಪರಿಗೆ ಸಾಲದೆ
ಅರ್ಧ ಲೋಡಾಗಿ ಕಡಲ ತಡೆಗೋಡೆಗೆ ಬಿತ್ತು.

ಮೊನ್ನೆ ಆಷಾಢದಲ್ಲಿ ಸಣ್ಣುವಿನ ಮನೆಗೆ ಹೋಗಿದ್ದೆ.
ಗುಡ್ಡದಲ್ಲಿ ಕೆಂಪಿನಡಿ ಬಿಳಿ.
ಇಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬಿಳಿ,
ಒಂದೊಂದು ಗೆರೆಯೂ ಅಕ್ಕಿಕಾಳಿನಗಲ.
ಹಳೇ ಚಟ, ಉಗುರಿನಿಂದ ಕೆರೆದು ದಪ್ಪ ನೋಡಿದೆ.
"ಕೆರೀಬೇಡಿ" ಎಂದು ಒಳಗಿಂದ ಅವನ ಹೆಂಡತಿ ಗದರಿದಳು.
ಕೆಳಗಿನ ಎರಡು ಸಾಲನ್ನು
ಇರಚಲು ಆಗಲೇ ತೊಳೆಯತೊಡಗಿತ್ತು.