ಎಡಗಡೆಯ ಹೆಡ್‌ಲೈಟು

ಕಾಂಗರೂ, ಅಂದ ಗ್ಲೆನ್ ಹ್ಯಾಚರ್,
ಸೋಮವಾರ ಬೆಳಿಗ್ಗೆ, ಶಟರು ಇನ್ನೂ ಅರ್ಧ ಎತ್ತಿದ್ದಾಗಲೇ.
ನಾನೂ ಹಾಗೆಯೇ ಬರೆದುಕೊಂಡೆ:
ಎಡ ಹೆಡ್‌ಲೈಟ್ ಒಂದು. ಬಾನೆಟ್ ತಗ್ಗು. ಕಾಂಗರೂ.

ಶೆಪರ್ಟನ್ನಿನಲ್ಲಿ ಇದೇನು ಹೊಸ ಮಾತಲ್ಲ.
ಸಂಜೆ ಮಬ್ಬಾದರೆ ಸಾಕು, ಹಣ್ಣಿನ ತೋಟಗಳ ಬೇಲಿ ಹಾರಿ
ರಸ್ತೆಗೆ ಬೀಳುತ್ತವೆ ಅವು. ವರ್ಷಕ್ಕೆ ಮೂವತ್ತೋ ನಲವತ್ತೋ ಬಾನೆಟ್ಟು,
ಅವುಗಳ ಹೆಸರಲ್ಲೇ ನನ್ನ ಅನ್ನ.

ಗ್ಲೆನ್ ಬೇರೆಯವನಲ್ಲ.
ಈ ಗ್ಯಾರೇಜಿನ ಬಾಡಿಗೆ ಕರಾರಿಗೆ ಜಾಮೀನು ನಿಂತವನು.
ನನ್ನ ಹೆಸರು ಪೂರ್ತಿ ಹೇಳಲು
ಎರಡು ವಾರ ಒದ್ದಾಡಿ ಕಲಿತವನು, ವೀರಭದ್ರಪ್ಪ,
ಒತ್ತಕ್ಷರದಲ್ಲಿ ಪ್ರತಿಸಲ ಎಡವಿ, ನಕ್ಕು.

ತಗಡು ನನಗೆ ಗೊತ್ತು.
ಕಾಂಗರೂ ಬಡಿದರೆ ಗ್ರಿಲ್ಲಿನಲ್ಲಿ ಕೂದಲು ಬಿಟ್ಟು ಹೋಗುತ್ತದೆ,
ನಾತ ಬಿಟ್ಟು ಹೋಗುತ್ತದೆ.
ಇದು ಮೇಲೆ ಹತ್ತಿ ಉರುಳಿದ ತಗ್ಗು.
ಬೆರಳಾಡಿಸಿದೆ. ಕೈ ಓದಿತು. ಬಾಯಿ ಓದಲಿಲ್ಲ.

ಗ್ರಿಲ್ಲಿನ ಸಂದಿಯಲ್ಲಿ ಹೆಬ್ಬೆರಳಗಲದ ಚೂರು,
ಹಳದಿ ಬಟ್ಟೆ, ಅದಕ್ಕೊಂದು ಬೆಳ್ಳಿ ಪಟ್ಟಿ,
ಟಾರ್ಚು ಹಿಡಿದರೆ ಹೊಳೆಯಿತು.
ಯಾವ ಕಾಂಗರೂ
ಜಾಕೆಟ್ಟು ತೊಟ್ಟು ರಾತ್ರಿಪಾಳಿಗೆ ಹೋಗುತ್ತದೆ?

ಡ್ರಾಯರಿನಲ್ಲಿಟ್ಟೆ, ಸ್ಕ್ರೂ, ಫ್ಯೂಸುಗಳ ಜೊತೆ.
ಬಾನೆಟ್ ಬಡಿದೆ. ಪುಟ್ಟಿ ತುಂಬಿದೆ.
ಪೇಂಟು ಒಣಗುವ ಹೊತ್ತಿಗೆ ರೇಡಿಯೋದಲ್ಲಿ ಅವಳ ಹೆಸರು ಬಂತು.
ಮಕೆರಿಟಾ. ಸಮೋವಾದವಳು.
ಡಬ್ಬಿ ಕಾರ್ಖಾನೆಯಲ್ಲಿ ಪೀಚ್ ಹಣ್ಣಿನ ಬೀಜ ತೆಗೆಯುವ ಸಾಲಿನಲ್ಲಿ
ಹನ್ನೊಂದು ವರ್ಷ.
ಸೈಕಲ್ಲು ಕಾಲುವೆಯ ದಂಡೆಯಲ್ಲಿ,
ಅವಳು ಇನ್ನೂ ಸ್ವಲ್ಪ ಆಚೆ.

ನಾಲ್ಕನೆಯ ದಿನ ಪೊಲೀಸರಿಗೆ ಫೋನು ಮಾಡಿದೆ.

ಕೋರ್ಟಿನಲ್ಲಿ ಡಾಕ್ಟರು ಹೇಳಿದರು, ಕಾಗದದಿಂದ ತಲೆಯೆತ್ತದೆ:
ನಲವತ್ತು ನಿಮಿಷ ಉಸಿರಿತ್ತು.
ಗ್ಲೆನ್ ಕಣ್ಣು ಮುಚ್ಚಿಕೊಂಡ. ಅವಳ ಅಣ್ಣ, ಭಾರಿ ಆಳು,
ಮುಂದಿನ ಬೆಂಚಿನ ಅಂಚು ಹಿಡಿದ ಹಿಡಿತಕ್ಕೆ
ಮರ ಕಿರ್ರೆಂದದ್ದು ನನಗೆ ಕೇಳಿಸಿತು.

ಆಮೇಲೆ ನಾನು. ಗ್ಲೆನ್ ಪರ ವಕೀಲೆ
ನನ್ನ ಬಿಲ್ ಪುಸ್ತಕ ಎತ್ತಿ ಹಿಡಿದಳು.
ಇದು ನಿಮ್ಮ ಅಕ್ಷರವೇ?
ನನ್ನದೇ.
ಏನು ಬರೆದಿದೆ, ಓದಿ.
ಓದಿದೆ.
ಆ ಚೂರು ನಿಮ್ಮ ಡ್ರಾಯರಿನಲ್ಲಿ ಎಷ್ಟು ದಿನ ಇತ್ತು?
ಮೂರು ದಿನ.
ಮೂರು ದಿನ ನೀವು ಏನು ಮಾಡುತ್ತಿದ್ದಿರಿ?
ಕೆಲಸ, ಅಂದೆ. ಪೇಂಟು ಒಣಗಬೇಕಿತ್ತು.

ಜಡ್ಜು ಶಿಕ್ಷೆ ಓದಿದರು. ಡಿಕ್ಕಿಗೆ ಇಷ್ಟು,
ನಿಲ್ಲದೆ ಹೋದದ್ದಕ್ಕೆ ಅದಕ್ಕಿಂತ ಹೆಚ್ಚು.
ನನ್ನ ಮೇಲೆ ಕೇಸಿಲ್ಲ.
ಹೊರಗೆ ಮೆಟ್ಟಿಲ ಮೇಲೆ ಅವಳ ಅಣ್ಣ ಬಂದು
ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಥ್ಯಾಂಕ್ಸ್ ಅಂದ.
ಬೇಗ ಬಿಡಲಿಲ್ಲ.

ಈಗಲೂ ಬರುತ್ತಾರೆ, ಕಾಂಗರೂ ಅನ್ನುತ್ತಾರೆ.
ಹೆಚ್ಚಿನ ಸಲ ಅದು ಕಾಂಗರೂವೇ.
ಆದರೂ ಪೆನ್ನು ತೆಗೆಯುವ ಮೊದಲು
ಟಾರ್ಚು ಹಿಡಿದು ಗ್ರಿಲ್ಲಿನ ಮುಂದೆ ಮಂಡಿಯೂರುತ್ತೇನೆ.
ಗಿರಾಕಿ ಗಡಿಯಾರ ನೋಡಿಕೊಳ್ಳುತ್ತಾನೆ.